ಟೆಸ್ಟಿಂಗ್ ಕೆಲಸ ಬಿಟ್ಟು ಎಐನಲ್ಲಿ ಎಂ.ಟೆಕ್ ಮಾಡಬಹುದೇ? ಗಣಿತ ಅಷ್ಟಾಗಿ ಬರುವುದಿಲ್ಲ

ಮೂರು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೀರಿ, ಬಿ.ಇ.ಯಲ್ಲಿ ಗಣಿತ ಹೇಗೋ ಪಾಸಾಯಿತು, ಮನೆಯವರು ಕೆಲಸ ಬಿಡಬೇಡ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನಾನೂ ಹೆಚ್ಚುಕಮ್ಮಿ ಇದೇ ಜಾಗದಲ್ಲಿದ್ದೆ. ನಾಲ್ಕು ವರ್ಷ ಟೆಸ್ಟಿಂಗ್ ಮಾಡಿ, ಆಮೇಲೆ ಒಂದು ಸರ್ಕಾರಿ ಸಂಸ್ಥೆಯಲ್ಲಿ ಎಐ ಎಂ.ಟೆಕ್ ಮುಗಿಸಿದೆ. ಹಾಗಾಗಿ ನನ್ನ ಉತ್ತರ: ಮಾಡಿ. ಆದರೆ ಇವತ್ತೇ ರಾಜೀನಾಮೆ ಕೊಡಬೇಡಿ.

ಮೊದಲು ಗಣಿತದ ವಿಷಯ. ಬಿ.ಇ.ಯ ಎಂ-3, ಎಂ-4 ಗಣಿತ ಪೇಪರ್‌ಗಳನ್ನು ನಾನು ಪಾಸು ಮಾಡಿದ್ದು ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದು. ಮ್ಯಾಟ್ರಿಕ್ಸ್ ಕೊಟ್ಟರೆ ಅದರ ಐಗನ್ ವ್ಯಾಲ್ಯೂ ಕಂಡುಹಿಡಿಯುವುದು ಗೊತ್ತಿತ್ತು. ಯಾಕೆ ಕಂಡುಹಿಡಿಯಬೇಕು ಅನ್ನುವುದು ಗೊತ್ತಿರಲಿಲ್ಲ. ಎಂ.ಟೆಕ್‌ನಲ್ಲಿ ಪ್ರಾಬಬಿಲಿಟಿಯ ಮೊದಲ ಟೆಸ್ಟಿಗೆ 30ಕ್ಕೆ 7 ಬಂತು. ಆ ಪೇಪರನ್ನು ಮಡಚಿ ಹಾಸಿಗೆ ಕೆಳಗೆ ಇಟ್ಟಿದ್ದೆ, ಹಾಸ್ಟೆಲ್ ರೂಮಿನಲ್ಲಿ ಯಾರು ಹುಡುಕಲು ಬರುತ್ತಾರೋ ಏನೋ! ಪೈಥಾನ್ ಬರುತ್ತಿತ್ತು, ಯಾರದ್ದೋ ಕೋಡ್ ಇಳಿಸಿಕೊಂಡು ಮಾಡೆಲ್ ಟ್ರೈನ್ ಮಾಡಲೂ, ಅಂದರೆ ಡೇಟಾ ತೋರಿಸಿ ಪ್ರೋಗ್ರಾಮಿಗೆ ಕಲಿಸಲೂ, ಬರುತ್ತಿತ್ತು. ಅದನ್ನೇ ಎಐ ಅಂದುಕೊಂಡಿದ್ದೆ. ಮೊದಲ ಆರು ತಿಂಗಳು ನಾನು ಕೀಬೋರ್ಡ್ ಮುಟ್ಟಿದ್ದಕ್ಕಿಂತ ಪೆನ್ನು ಹಿಡಿದದ್ದೇ ಜಾಸ್ತಿ.

ಬೇಕಾಗುವ ಗಣಿತವೇನೂ ಸಮುದ್ರವಲ್ಲ. ಲೀನಿಯರ್ ಆಲ್ಜೀಬ್ರಾ (ಮ್ಯಾಟ್ರಿಕ್ಸ್, ವೆಕ್ಟರ್ ಲೆಕ್ಕ), ಪ್ರಾಬಬಿಲಿಟಿ, ಕ್ಯಾಲ್ಕುಲಸ್‌ನಲ್ಲಿ ಚೈನ್ ರೂಲ್ ಮತ್ತು ಅದರ ಸುತ್ತಮುತ್ತ. ಇಷ್ಟು ಗಟ್ಟಿಯಾದರೆ ಉಳಿದದ್ದನ್ನು ಹೋಗ್ತಾ ಹೋಗ್ತಾ ಕಲಿಯಬಹುದು. ನಿಮಗೆ ಒಗ್ಗುತ್ತದೋ ಇಲ್ಲವೋ ನೋಡಲು ಒಂದು ಲೆಕ್ಕ ಕೊಡುತ್ತೇನೆ. ಸಾವಿರ ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಅದನ್ನು ಹಿಡಿಯುವ ಪರೀಕ್ಷೆ ಕಾಯಿಲೆ ಇರುವವರಲ್ಲೂ ಇಲ್ಲದವರಲ್ಲೂ ನೂರಕ್ಕೆ 99 ಸಲ ಸರಿ ಹೇಳುತ್ತದೆ. ನಿಮಗೆ ಪಾಸಿಟಿವ್ ಬಂತು. ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಬಹಳ ಜನ 99 ಅನ್ನುತ್ತಾರೆ, ನಾನೂ ಅಂದಿದ್ದೆ. ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿ ನೋಡಿ. ಕಾಯಿಲೆ ಇರುವವರು ಒಬ್ಬರು, ಅವರಿಗೆ ಪಾಸಿಟಿವ್ ಬರುತ್ತದೆ. ಉಳಿದ 999 ಜನರಲ್ಲಿ ನೂರಕ್ಕೊಬ್ಬರಂತೆ ಸುಮಾರು 10 ಜನರಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದ 11 ಜನರಲ್ಲಿ ನಿಜವಾದ ರೋಗಿ ಒಬ್ಬರೇ. ನೂರಕ್ಕೆ 9ರಷ್ಟು! ಇದನ್ನು ಓದಿ 'ಹೌದಲ್ವಾ' ಅಂತ ಇನ್ನೊಂದು ಸಲ ಲೆಕ್ಕ ಹಾಕಬೇಕು ಅನ್ನಿಸಿದರೆ ನಿಮಗೆ ಈ ಓದು ಹಿಡಿಸುತ್ತದೆ. ಸುಮ್ನೆ ಉತ್ತರ ಸಾಕು ಅನ್ನಿಸಿದರೆ ಎರಡು ವರ್ಷ ಕಷ್ಟವಾಗುತ್ತದೆ.

ಒಗ್ಗುತ್ತದೋ ನೋಡಲು ಎರಡನೇದು, ಕೈಬರಹದ ಅಂಕಿಗಳ ಎಂನಿಸ್ಟ್ ಡೇಟಾ ಗೊತ್ತಿರಬಹುದು. ಟ್ರೈನಿಂಗ್‌ಗೆ 60,000 ಚಿತ್ರ, ಒಂದೊಂದರಲ್ಲೂ 28ಕ್ಕೆ 28 ಪಿಕ್ಸೆಲ್. ಎಲ್ಲ ಸಿದ್ಧವಾಗಿ ಕೊಡುವ ಪೈಟಾರ್ಚ್ ಲೈಬ್ರರಿ ಮುಟ್ಟದೆ, ಬರೀ ಮ್ಯಾಟ್ರಿಕ್ಸ್ ಲೆಕ್ಕ ಮಾಡುವ ನಂಪೈ ಬಳಸಿ ಆ ಅಂಕಿ ಗುರುತಿಸುವ ಪುಟ್ಟ ನ್ಯೂರಲ್ ನೆಟ್‌ವರ್ಕ್ ಬರೆಯಿರಿ. ಬ್ಯಾಕ್‌ಪ್ರೊಪಗೇಶನ್ ಅನ್ನು, ಅಂದರೆ ಉತ್ತರದ ತಪ್ಪನ್ನು ಹಿಂದಕ್ಕೆ ಸಾಗಿಸಿ ನೆಟ್‌ವರ್ಕ್ ತಿದ್ದುವ ಲೆಕ್ಕವನ್ನು, ಮೊದಲು ಹಾಳೆ ಮೇಲೆ ಬಿಡಿಸಿ. ನನಗೆ ಮೂರು ವಾರಾಂತ್ಯ ಹಿಡಿಯಿತು. ಒಂದು ಮ್ಯಾಟ್ರಿಕ್ಸನ್ನು ತಿರುಗಿಸದೆ ಹಾಗೇ ಗುಣಿಸಿದ್ದೆ, ಅಷ್ಟೇ ತಪ್ಪು.

ಈಗ ಎಂ.ಟೆಕ್‌ನಿಂದ ಏನು ಸಿಗುತ್ತದೆ ಅನ್ನುವುದಕ್ಕೆ ನನ್ನ ಪ್ರಾಜೆಕ್ಟ್ ಕಥೆ. ನಮ್ಮದು ಮಲೆನಾಡು, ಅಡಿಕೆ ಮನೆ. ಫೋಟೋ ನೋಡಿ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅನ್ನುವ ಬಗೆಗಳಾಗಿ ಬೇರೆ ಮಾಡುವ ಮಾಡೆಲ್ ಕಟ್ಟುತ್ತೇನೆ ಅಂತ ಹೊರಟೆ. ರಜೆಯಲ್ಲಿ ಊರಿಗೆ ಹೋಗಿ ಸಾವಿರಾರು ಫೋಟೋ ತೆಗೆದೆ. ಟ್ರೈನ್ ಮಾಡಿದರೆ ಹೆಚ್ಚುಕಮ್ಮಿ ಎಲ್ಲವೂ ಸರಿ! ಗೈಡ್‌ಗೆ ತೋರಿಸಿದೆ. ಅವರು ಹೊಗಳಲಿಲ್ಲ. "ಇಷ್ಟು ಸುಲಭ ಇರಲ್ಲ, ಅದು ಏನು ನೋಡ್ತಿದೆ ನೋಡು" ಅಂದರು.

ಗ್ರ್ಯಾಡ್-ಕ್ಯಾಮ್ ಅಂತ ಒಂದು ವಿಧಾನ ಇದೆ. ಮಾಡೆಲ್ ಚಿತ್ರದ ಯಾವ ಭಾಗ ನೋಡಿ ತೀರ್ಮಾನ ಮಾಡಿತು ಅನ್ನುವುದನ್ನು ಬಣ್ಣ ಹಚ್ಚಿ ತೋರಿಸುತ್ತದೆ. ಹಾಕಿ ನೋಡಿದರೆ ಅಡಿಕೆಯ ಮೇಲೆ ಬಣ್ಣವೇ ಇಲ್ಲ, ಎಲ್ಲಾ ಸುತ್ತಲಿನ ಜಾಗದ ಮೇಲೆ. ಆಮೇಲೆ ಹೊಳೆಯಿತು. ಬೆಟ್ಟೆಯ ಫೋಟೋ ತೆಗೆದದ್ದು ನಮ್ಮ ಅಂಗಳದಲ್ಲಿ, ನೀಲಿ ಟಾರ್ಪಾಲಿನ ಮೇಲೆ. ಗೊರಬಲು ಮಾವನ ಮನೆಯಲ್ಲಿ, ಗೋಣಿಚೀಲದ ಮೇಲೆ. ರಾಶಿ ಮಂಡಿಯಲ್ಲಿ, ಸಿಮೆಂಟ್ ನೆಲದ ಮೇಲೆ. ನನ್ನ ಮಾಡೆಲ್ ನೀಲಿ ಕಂಡರೆ ಬೆಟ್ಟೆ ಅನ್ನುತ್ತಿತ್ತು. ಟಾರ್ಪಾಲಿನ ಮೇಲೆ ತೆಂಗಿನಕಾಯಿ ಇಟ್ಟು ಫೋಟೋ ಹಾಕಿದೆ. ಅದೂ ಬೆಟ್ಟೆಯೇ.

ಫೋನಿನಲ್ಲಿ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕರು. "ಅಲ್ವೋ, ಅಡಿಕೆ ನೋಡು ಅಂತ ಕಳ್ಸಿದ್ರೆ ಟಾರ್ಪಾಲು ನೋಡ್ಕಂಡು ಬಂತಾ?"

ಎರಡು ತಿಂಗಳ ಕೆಲಸ ಹೋಯಿತು. ಎಲ್ಲ ಬಗೆಯ ಅಡಿಕೆಯನ್ನೂ ಎಲ್ಲ ಬಗೆಯ ನೆಲದ ಮೇಲೂ ಇಟ್ಟು ಮತ್ತೆ ಫೋಟೋ ತೆಗೆದೆ. ಪರೀಕ್ಷೆಗೆ ಮಾಡೆಲ್ ಯಾವತ್ತೂ ನೋಡಿರದ ಬೇರೊಂದು ಮನೆಯ ಅಡಿಕೆ ಇಟ್ಟೆ. ಅಂಕ ದಡಾರನೆ ಇಳಿಯಿತು, ಆದರೆ ಈ ಸಲ ಅದು ನಿಜವಾದ ಅಂಕ. ಗೈಡ್ ಮೊದಲ ಸಲ ನಕ್ಕದ್ದು ಆವತ್ತೇ.

ನನ್ನ ಪ್ರಕಾರ ಇದು ಟೆಸ್ಟರ್ ಕಣ್ಣಿಗೆ ಬೀಳಬೇಕಾದ ತಪ್ಪು. 'ಇದು ಎಲ್ಲಿ ಕೆಡುತ್ತೆ' ಅಂತ ನೋಡುವುದೇ ನಿಮ್ಮ ದಿನದ ಕೆಲಸ ತಾನೇ? ಯಾಕೆ ಕೆಡುತ್ತದೆ ಅನ್ನುವುದಕ್ಕೆ ಗಣಿತ ಬೇಕು, ಅದು ಎಂ.ಟೆಕ್‌ನಲ್ಲಿ ಸಿಗುತ್ತದೆ. ಮೂರು ವರ್ಷ ವೇಸ್ಟ್ ಆಯ್ತು ಅಂತ ಬರೆದಿದ್ದೀರಲ್ಲ, ಅದನ್ನು ಅಳಿಸಿಬಿಡಿ.

ಇನ್ನು ದಾರಿ. 2024ರಿಂದ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಎಐಗೇ ಅಂತ ಡಿಎ ಅನ್ನುವ ಪೇಪರ್ ಬಂದಿದೆ. 3 ಗಂಟೆ, 65 ಪ್ರಶ್ನೆ, 100 ಅಂಕ. ಮೇಲೆ ಹೇಳಿದ ಗಣಿತ, ಪೈಥಾನ್, ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಮಶೀನ್ ಲರ್ನಿಂಗ್ ಎಲ್ಲ ಇದರಲ್ಲೇ ಬರುತ್ತದೆ. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಕೆಲಸ ಬಿಡಬೇಡಿ ಅಂದದ್ದು ಇದಕ್ಕೇ: ಕೆಲಸದಲ್ಲಿದ್ದುಕೊಂಡೇ ಬರೆಯಿರಿ, ಸೀಟು ಕೈಗೆ ಬಂದಮೇಲೆ ಮನೆಯಲ್ಲಿ ಮಾತಾಡಿ. ಬೆಂಗಳೂರಿನಲ್ಲೇ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಇದೆ. ಸಿಟಿ ಬಸ್ಸಿನ ಕಂಡಕ್ಟರ್‌ಗೆ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಎಐಗೇ ಬೇರೆ ಎಂ.ಟೆಕ್ ಇದೆ. ಐಐಟಿ ಹೈದರಾಬಾದಿನಲ್ಲೂ ಇದೆ. ಎಐ ಅನ್ನುವ ಹೆಸರೇ ಬೇಕು ಅಂತ ಹಟ ಹಿಡಿಯಬೇಡಿ. ಕಂಪ್ಯೂಟರ್ ಸೈನ್ಸ್ ಎಂ.ಟೆಕ್ ಸೇರಿ ಮಶೀನ್ ಲರ್ನಿಂಗ್ ಕಡೆ ಹೋದವರು ಎಷ್ಟೋ ಜನ. ಕಾಲೇಜಿನ ಪುಟದಲ್ಲಿ ಯಾವ ಯಾವ ಕೋರ್ಸು, ಯಾರು ಪಾಠ ಮಾಡುತ್ತಾರೆ ನೋಡಿ. ಎಐ ಅಂತ ಬೋರ್ಡು ಹಾಕಿ ಒಳಗೆ ಬರೀ ಟೂಲ್ ಕಲಿಸುವ ಕಡೆಗೆ ಲಕ್ಷಗಟ್ಟಲೆ ಫೀಸು ಕಟ್ಟಬೇಡಿ.

ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಹಾಸ್ಟೆಲ್, ಮೆಸ್ಸಿಗೆ ಸಾಕು, ಮನೆಗೆ ಕಳಿಸಲು ಆಗದು. ತಲೆ ಮೇಲೆ ಸಾಲ ಇದ್ದರೆ ಮೊದಲು ಅದನ್ನು ತೀರಿಸಿ.

ಹೊರದೇಶದ ಬಗ್ಗೆಯೂ ಕೇಳಿದ್ದೀರಿ. ನಾನು ಹೋದವನಲ್ಲ, ಆದರೆ ಅರ್ಜಿ ತುಂಬುವವರೆಗೆ ಹೋಗಿದ್ದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹಳ ಕಡೆ ಬೋಧನಾ ಶುಲ್ಕ ಇಲ್ಲ. ಎಲ್ಲ ಕಡೆಯೂ ಅಲ್ಲ, ನೋಡಿಕೊಳ್ಳಿ. ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಒಂದು ವರ್ಷದ ಖರ್ಚು ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ನಮ್ಮ ದೇಶದವರಿಗೆ ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಹೆಚ್ಚಾಗಿ ಒಂದೇ ವರ್ಷ. ಕೆಲಸ ಬಿಡಲು ಆಗದಿದ್ದರೆ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನವರು ಆನ್‌ಲೈನಿನಲ್ಲೇ ಎಐ ಮಾಸ್ಟರ್ಸ್ ಕೊಡುತ್ತಾರೆ, ಸುಮಾರು 10,000 ಡಾಲರ್.

ಕೆಲಸ ಸಿಗುತ್ತಾ ಅಂದರೆ, ನನ್ನ ಬ್ಯಾಚಿನಲ್ಲಿ ಸಂಶೋಧನೆಗೆ ಹೋದವರು ಬೆರಳೆಣಿಕೆ. ಉಳಿದವರಲ್ಲಿ ಬಹುಪಾಲು ಡೇಟಾ ಸಾಗಿಸುವ, ತೊಳೆಯುವ ಕೆಲಸದಲ್ಲಿದ್ದಾರೆ. ಸಂಬಳ ಚೆನ್ನಾಗಿದೆ, ದೂರುವುದೇನಿಲ್ಲ. ನಾನು ಮಾಡೆಲ್ ಇವ್ಯಾಲ್ಯುಯೇಶನ್ ತಂಡದಲ್ಲಿದ್ದೇನೆ, ಹೊಸ ಮಾಡೆಲ್ ಎಲ್ಲಿ ಎಡವುತ್ತದೆ ಅಂತ ಹುಡುಕುವ ಕೆಲಸ. ಅಪ್ಪನಿಗೆ ವಿವರಿಸಿದೆ. "ಮುಂಚೆನೂ ಅದೇ ಮಾಡ್ತಿದ್ಯಲ್ಲೋ" ಅಂದರು.

ಗೇಟ್ ಪರೀಕ್ಷೆ ಫೆಬ್ರವರಿಯಲ್ಲಿ. ಎಂಐಟಿಯ ಗಿಲ್ಬರ್ಟ್ ಸ್ಟ್ರ್ಯಾಂಗ್ ಮೇಷ್ಟ್ರ ಲೀನಿಯರ್ ಆಲ್ಜೀಬ್ರಾ ಪಾಠಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಇವೆ. ಮೊದಲ ಹತ್ತು ನೋಡಿ, ಹಾಳೆ ಪೆನ್ನು ಪಕ್ಕದಲ್ಲಿರಲಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೆಳಗೆ ಬರೆಯಿರಿ, ಭಾನುವಾರ ಕೂತು ನೋಡುತ್ತೇನೆ.