ಮಣ್ಣಿನ ಮನೆಗೆ ಕೋಡ್ ಯಾಕೆ?

ಶಿರಾ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ತೋಟದಲ್ಲಿ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಲು ಸಾಲ ಕೇಳಿದೆ. ಮಣ್ಣಿನ ಗೋಡೆಗೆ ಸಾಲ ಇಲ್ಲವೆಂದರು. ಮಣ್ಣಿಗೂ ಕಟ್ಟಡದ ಕೋಡ್ ಬೇಕು ಅಂತ ನೀವು ಹೋದ ಸಂಚಿಕೆಯಲ್ಲಿ ಬರೆದಿರಿ. ನಮ್ಮ ತಾತ ಮಾಳಿಗೆ ಮನೆ ಕಟ್ಟಿದಾಗ ಯಾವ ಕೋಡ್ ಇತ್ತು? ಕೋಡ್ ಬಂದರೆ ಮಣ್ಣೂ ಕಂಟ್ರಾಕ್ಟರುಗಳ ಪಾಲಾಗುತ್ತದೆ. ಅದೊಂದನ್ನಾದರೂ ನಮಗೆ ಬಿಡಿ."

ಸ್ವಾಮಿ, ಈ ಕೊನೆಯ ಮಾತು ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ ಮಾತ್ರ ಬರುವಂಥದ್ದು. ನಿಮ್ಮ ಭಯ ಸುಳ್ಳೂ ಅಲ್ಲ, ಹೊಳೆ ಮರಳು ಯಾರ ಪಾಲಾಯಿತೆಂದು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಆದರೂ ತಾತನಿಗೆ ಕೋಡ್, ಅಂದರೆ ಹೇಗೆ ಕಟ್ಟಬೇಕೆಂಬ ನಿಯಮ, ಇರಲಿಲ್ಲ ಅಂದಿರಲ್ಲ, ಅದನ್ನು ಒಪ್ಪಲಾರೆ.

ಕೊರಟಗೆರೆ ಕಡೆ ನಮ್ಮ ತಾಯಿಯ ತವರಿನಲ್ಲಿ ಹಸಿ ಇಟ್ಟಿಗೆ, ಅಂದರೆ ಸುಡದ ಮಣ್ಣಿನ ಇಟ್ಟಿಗೆ, ಹಾಕುವುದನ್ನು ಹುಡುಗನಾಗಿದ್ದಾಗ ಕೂತು ನೋಡಿದ್ದೇನೆ. ಅಚ್ಚು ಮುಟ್ಟುವ ಮುಂಚೆ ಮೇಸ್ತ್ರಿ ನಾಲ್ಕು ಕಡೆಯ ಮಣ್ಣು ತರಿಸಿ, ಕಲಸಿ, ರಾಗಿ ಮುದ್ದೆಯ ಹಾಗೆ ಉಂಡೆ ಕಟ್ಟಿ ಬಿಸಿಲಿಗಿಡುತ್ತಿದ್ದ. ಒಣಗುವಾಗಲೇ ಬಿರುಕು ಬಿಟ್ಟರೆ ಜೇಡಿ ಜಾಸ್ತಿ, ಮರಳು ಸೇರಬೇಕು. ಬಿರುಕು ಬಿಡದ ಉಂಡೆಯನ್ನು ಸೊಂಟದೆತ್ತರದಿಂದ ಚಪ್ಪಡಿ ಮೇಲೆ ಬಿಡುತ್ತಿದ್ದ. ಪುಡಿಪುಡಿಯಾದರೆ ಮರಳು ಜಾಸ್ತಿ, ಕೆರೆಯಂಗಳದ ಜೇಡಿ ಬೇಕು. ಮಾಳಿಗೆ, ಅಂದರೆ ಮಣ್ಣಿನ ಚಪ್ಪಟೆ ಸೂರಿಗೂ ಲೆಕ್ಕ ಇತ್ತು: ಜಂತೆ ಎಂಬ ಮರದ ತೊಲೆ, ಅದರ ಮೇಲೆ ಸೀಳಿದ ದಬ್ಬೆ, ಬಂದ್ರೆ ಗಿಡದ ಸೊಪ್ಪು, ಆಮೇಲೆ ಮಣ್ಣು, ಎಲ್ಲದರ ಮೇಲೆ ಕರಲು ಮಣ್ಣು. ಕರಲಿನಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರು ಬಿದ್ದೊಡನೆ ಬಿಡಿಬಿಡಿಯಾಗಿ ಸಂದಿಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಬೆಳೆ ಬಾರದ ಮಣ್ಣನ್ನು ಸೂರಿಗೆ ಹಾಕಿದ ಜಾಣತನ ಅದು.

ಇದು ಕೋಡ್ ಅಲ್ಲದೆ ಮತ್ತೇನು ಸ್ವಾಮಿ? ಬಾಯಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ, ಅಷ್ಟೆ. ಆ ಮೇಸ್ತ್ರಿ ತೀರಿಕೊಂಡ, ಮಗ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಈಗ ಆ ಊರಲ್ಲಿ ಉಂಡೆ ಕಟ್ಟಿ ನೋಡುವವರು ಒಬ್ಬರೂ ಇಲ್ಲ. ನ್ಯೂಜಿಲೆಂಡಿನವರು 1998ರಲ್ಲಿ ಮಣ್ಣಿನ ಕಟ್ಟಡಕ್ಕೆಂದೇ ಮೂರು ಮಾನಕ ಬರೆದರು. ಒಣಗಿದ ಹಸಿ ಇಟ್ಟಿಗೆಯನ್ನು ಎತ್ತರದಿಂದ ಬೀಳಿಸಿ ನೋಡುವ ಪರೀಕ್ಷೆಯನ್ನೂ ಅದರಲ್ಲಿ ಸೇರಿಸಿದ್ದಾರೆ. ನಮ್ಮ ಮೇಸ್ತ್ರಿಯ ಕೈಯಲ್ಲಿದ್ದಂಥ ವಿದ್ಯೆಗೆ ಅಲ್ಲಿ ಸರ್ಕಾರಿ ಮುದ್ರೆ ಸಿಕ್ಕಿತು. ಜರ್ಮನಿ ತನ್ನ ಹಳೆಯ ಮಣ್ಣಿನ ಮಾನಕಗಳನ್ನು 1971ರಲ್ಲಿ ಕೈಬಿಟ್ಟು, 1990ರ ದಶಕದ ಕೊನೆಯಲ್ಲಿ ಮತ್ತೆ ನಿಯಮ ಬರೆಯಬೇಕಾಯಿತು.

ಇನ್ನೊಂದು ಮಾತು ಹೇಳಲು ಸಂಕಟವಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಸತ್ತ ಸಾವಿರಾರು ಜನ ಮಲಗಿದ್ದದ್ದು ಇಂಥವೇ ಮನೆಗಳಲ್ಲಿ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಒಂದೇ ಗೋಡೆಯ ಒಳವರಸೆಗೂ ಹೊರವರಸೆಗೂ ಬೆಸುಗೆಯಾಗಿ ಅಡ್ಡಗಲ್ಲು ಇರಲಿಲ್ಲ. ಹಳೆಯ ಮಣ್ಣು ತೆಗೆಯದೆ ಹೊಸದನ್ನು ಹೇರುತ್ತ ಹೋದರೆ ಮಾಳಿಗೆ ಎಷ್ಟು ತೂಕ ಬರುತ್ತದೆಂದು ನಿಮ್ಮ ಮನೆಯಲ್ಲೇ ನೋಡಬಹುದು. ಅವರೂ ತಾತಂದಿರು ಕಟ್ಟಿದ ಮನೆಯನ್ನೇ ನಂಬಿದ್ದರು.

ಹಾಗಾದರೆ ನಮ್ಮಲ್ಲಿ ಕೋಡ್ ಇಲ್ಲವೇ ಅಂದರೆ, ಇದೆ! ಒತ್ತಿದ ಮಣ್ಣಿನ ಇಟ್ಟಿಗೆಗೆ ಐಎಸ್ (ಭಾರತೀಯ ಮಾನಕ) 1725 ಇದೆ, 1960ರದು, 1982ರಲ್ಲೂ 2013ರಲ್ಲೂ ತಿದ್ದಿದ್ದಾರೆ. ಸಿಮೆಂಟ್ ಬೆರೆಸಿದ ಮಣ್ಣನ್ನು ಅಲ್ಲೇ ಬಡಿದು ಗೋಡೆ ಎಬ್ಬಿಸುವುದಕ್ಕೆ 1980ರ ಐಎಸ್ 2110, ಭೂಕಂಪಕ್ಕೆ ತಡೆಯುವ ಮಣ್ಣಿನ ಮನೆಗೆ 1993ರ ಐಎಸ್ 13827. ನಿಮ್ಮ ಸಾಲದ ಅರ್ಜಿಯ ಜೊತೆ 1725ರ ಪ್ರತಿಯೊಂದನ್ನು ಲಗತ್ತಿಸಿದ್ದರೆ ಮಾತು ಅಷ್ಟು ಬೇಗ ಮುಗಿಯುತ್ತಿರಲಿಲ್ಲ. ಬೈಯುತ್ತಿಲ್ಲ, ಗೊತ್ತಿರಬೇಕಾಗಿತ್ತು ಅನ್ನುತ್ತಿದ್ದೇನೆ. ಆದರೆ ಗೊತ್ತಾಗುವುದಾದರೂ ಹೇಗೆ? ಇವುಗಳಲ್ಲಿ ಒಂದನ್ನೂ ನಾನು ಕನ್ನಡದಲ್ಲಿ ಕಂಡಿಲ್ಲ. ಮೇಲಾಗಿ 1725 ಹೇಳುವುದು ಸಿಮೆಂಟೋ ಸುಣ್ಣವೋ ಬೆರೆಸಿದ ಇಟ್ಟಿಗೆಯ ಮಾತು. ಬರೀ ಮಣ್ಣು, ಕರಲಿನ ಮಾಳಿಗೆ ಕಟ್ಟುವವನಿಗೆ ಅದರಲ್ಲಿ ಏನೂ ಸಿಗದು. ಇನ್ನು ಬರೆಯಬೇಕಾದದ್ದು ಅಂಥವನಿಗೆ ಬೇಕಾದ ಕೋಡ್, ಅದನ್ನು ಬರೆಯುವಾಗ ಮೇಸ್ತ್ರಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಬೇಕು.

ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಈ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ', ಅಂದರೆ ವಿಜ್ಞಾನವನ್ನು ಹಳ್ಳಿಗೆ ಒಯ್ಯುವ ತಂಡ, ಹಳ್ಳಿಯ ಕೆಲಸಕ್ಕೆ ಕೇಂದ್ರ ಮಾಡಿಕೊಂಡಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮಣ್ಣಿನ ಇಟ್ಟಿಗೆ ಒತ್ತುವ ಕೈಯಂತ್ರ ಮಾಡಿದ್ದೂ ಅದೇ ಅಸ್ತ್ರದವರು. ಪಕ್ಕದ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯ ಮೇಲೆ. ಇವತ್ತು ಸಿಮೆಂಟಿಲ್ಲದ ಎಸ್ಟಿಮೇಟ್ ಹಿಡಿದು ಹೋದರೆ ಸಹಿ ಹಾಕುವವರಿಲ್ಲ. 2011ರ ಸಾಮಾಜಿಕ, ಆರ್ಥಿಕ ಗಣತಿಯಲ್ಲಿ ಒಂದೇ ಕೋಣೆ, ಕಚ್ಚಾ ಗೋಡೆ, ಕಚ್ಚಾ ಸೂರು ಅಂದರೆ ಬಡತನದ ಗುರುತು. ಮಣ್ಣಿನ ಗೋಡೆ ಬಂತೋ, ಅದು ಕಚ್ಚಾ. ಎರಡಡಿ ದಪ್ಪದ, ಬೇಸಿಗೆಯಲ್ಲೂ ತಂಪಾಗಿರುವ ಗೋಡೆ ಕಚ್ಚಾ, ಶೀಟಿನ ಕೆಳಗೆ ಬೇಯುವ ನಾಲ್ಕಿಂಚಿನ ಸಿಮೆಂಟ್ ಬ್ಲಾಕು ಪಕ್ಕಾ! ಈ ಪದ ಬದಲಾಗಲು ಸರ್ಕಾರದ ಕೈಗೆ ಒಂದು ಪುಸ್ತಕ ಬೇಕು ಸ್ವಾಮಿ, ನಮ್ಮ ಪ್ರೀತಿ ಸಾಲದು.

ನಿಮ್ಮ ತಾತನ ಮನೆ ಇನ್ನೂ ನಿಂತಿದೆ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಒಂದು ಭಾನುವಾರ ಟೇಪು ಹಿಡಿದು ಗೋಡೆಯ ದಪ್ಪ, ಪಾಯದ ಎತ್ತರ, ಜಂತೆ ಜಂತೆಯ ನಡುವಿನ ಅಂತರ, ಮಾಳಿಗೆಯ ಮಣ್ಣಿನ ಮಂದ ಅಳೆದು ಕಳಿಸಿ. ಕರಲು ಎಲ್ಲಿಂದ ತರುತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.