ಗೂಬೆ ನಾಣ್ಯ ಅಸಲಿಯಾ? ಮುಖ ಬಿಡಿ, ಅಂಚು ನೋಡಿ

ಸರ್, ಫೋಟೋ ನೋಡಿದೆ. ಒಂದು ಕಡೆ ಹೆಲ್ಮೆಟ್ ಹಾಕಿದ ಹೆಂಗಸು, ಇನ್ನೊಂದು ಕಡೆ ಗೂಬೆ, ತೂಕ 15.1 ಗ್ರಾಂ. ಆನ್‌ಲೈನ್‌ನಲ್ಲಿ ತಗೊಂಡೆ, ಅಸಲಿಯಾ ಅಂತ ಕೇಳಿದ್ದೀರಿ. ನನಗೆ ನಂಬಿಕೆ ಬರುತ್ತಿಲ್ಲ. ಯಾಕೆ ಅಂತ ಹೇಳ್ತೀನಿ.

ಇದು ಅಥೆನ್ಸ್‌ನ ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮಾದ ಬೆಳ್ಳಿ ನಾಣ್ಯದ ಮಾದರಿ. ಕ್ರಿ.ಪೂ. 5ನೇ ಶತಮಾನದ ಅಸಲಿ ನಾಣ್ಯ ಸುಮಾರು 17.2 ಗ್ರಾಂ ತೂಗುತ್ತದೆ. ಸವೆದು ಸ್ವಲ್ಪ ಕಡಿಮೆ ಆಗುವುದು ಸಹಜ. ಆದರೆ ಎರಡು ಗ್ರಾಂ ಸವೆಯಬೇಕಾದರೆ ಗೂಬೆಯೇ ಅರ್ಧ ಅಳಿಸಿಹೋಗಿರಬೇಕು. ನಿಮ್ಮದರಲ್ಲಿ ಎದೆಯ ಪುಕ್ಕದ ಚುಕ್ಕೆಗಳೂ ಎದ್ದು ಕಾಣ್ತಿವೆ!

ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಅಂಚಿನ ಸುತ್ತ ಕೂದಲೆಳೆಯಷ್ಟು ಗೆರೆ ಇದೆ. ಅದು ಎರಡು ಅಚ್ಚು ಸೇರಿಸಿ ಎರಕ ಹೊಯ್ದ ಗುರುತು. ಅಸಲಿಯನ್ನು ಎರಕ ಹೊಯ್ದು ಮುಗಿಸುತ್ತಿರಲಿಲ್ಲ. ಬೆಳ್ಳಿ ಬಿಲ್ಲೆಯನ್ನು ಎರಡು ಅಚ್ಚುಗಳ ಮಧ್ಯೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹಾಗಾಗಿ ಅಂಚು ಬಿರುಕು ಬಿಟ್ಟಿರುತ್ತದೆ, ಚಿತ್ರ ಒಂದು ಕಡೆಗೆ ಸರಿದಿರುತ್ತದೆ. ಹೆಲ್ಮೆಟ್‌ನ ಜುಟ್ಟು ಎಷ್ಟೋ ಸಲ ನಾಣ್ಯದಿಂದ ಹೊರಗೇ ಉಳಿದಿರುತ್ತದೆ.

ಹೆಲ್ಮೆಟ್ ಹಾಕಿದ ಆ ಹೆಂಗಸು ಅಥೆನ್ಸ್‌ನ ದೇವತೆ ಅಥೀನಾ. ಅವಳ ಕಣ್ಣು ವಿಚಿತ್ರವಾಗಿದೆ ಅಂದಿರಲ್ಲ, ಅದರಲ್ಲಿ ತಪ್ಪಿಲ್ಲ. ಮುಖ ಪಕ್ಕಕ್ಕೆ, ಕಣ್ಣು ಮಾತ್ರ ಎದುರಿಗೆ. ಶಿಲ್ಪಿಗಳು ಆ ಶೈಲಿ ಬಿಟ್ಟ ಮೇಲೂ ನಾಣ್ಯದಲ್ಲಿ ಅದು ಹಾಗೇ ಉಳಿಯಿತು. ಊರೂರಲ್ಲಿ ನಂಬಿ ತಗೊಳ್ಳುವ ನಾಣ್ಯದ ಮುಖ ಯಾರು ಬದಲಾಯಿಸ್ತಾರೆ, ಅಲ್ವಾ? ಹೆಲ್ಮೆಟ್ ಮೇಲಿನ ಮೂರು ಆಲಿವ್ ಎಲೆ, ಗೂಬೆಯ ಹಿಂದಿನ ಪುಟ್ಟ ಚಂದ್ರ, ಇವು ಪರ್ಷಿಯನ್ನರ ಜೊತೆಗಿನ ಯುದ್ಧದ ನಂತರ ಬಂದವು. ಬೆಳ್ಳಿ ಅಥೆನ್ಸ್‌ಗೇ ಸೇರಿದ ಲೌರಿಯಾನ್ ಗಣಿಯದು. ಕ್ರಿ.ಪೂ. 483ರ ಹೊತ್ತಿಗೆ ಅಲ್ಲಿ ಸಿಕ್ಕ ಸಂಪತ್ತನ್ನು ಹಂಚಿಕೊಳ್ಳುವ ಬದಲು ಹಡಗು ಕಟ್ಟೋಣ ಅಂತ ಅಥೆನ್ಸ್‌ನ ನಾಯಕ ಥೆಮಿಸ್ಟೋಕ್ಲೀಸ್ ಜನರನ್ನು ಒಪ್ಪಿಸಿದ. ಅವೇ ಹಡಗುಗಳು 480ರಲ್ಲಿ ಸಲಾಮಿಸ್ ದ್ವೀಪದ ಬಳಿ ಪರ್ಷಿಯನ್ನರ ಮೇಲೆ ಗೆದ್ದವು.

ಮನೆಯಲ್ಲೇ ಇನ್ನೊಂದು ಪರೀಕ್ಷೆ ಮಾಡಬಹುದು. ಆಭರಣ ತೂಗುವ ಪುಟ್ಟ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಬಂದ ಅಂಕಿಯಿಂದ 15.1 ಅನ್ನು ಭಾಗಿಸಿ. ಉತ್ತರ 10.4 ಆಸುಪಾಸು ಇದ್ದರೆ ಬೆಳ್ಳಿ. 9ರ ಹತ್ತಿರ ಇದ್ದರೆ ತಾಮ್ರ. ಬೆಳ್ಳಿ ಅಂತ ಬಂದರೂ ಖುಷಿ ಪಡಬೇಡಿ, ಒಳ್ಳೆಯ ಬೆಳ್ಳಿಯಲ್ಲೇ ನಕಲು ಮಾಡುವವರಿದ್ದಾರೆ.

ನಮ್ಮ ನಾಣ್ಯಪ್ರಿಯರ ಗುಂಪಿನಲ್ಲಿ ಒಬ್ಬರು ಗೂಬೆ ಮೇಲೆ ಉಳಿ ಏಟು ಇದ್ದರೆ ಕೊಳ್ಳಬೇಡಿ ಅಂದಿದ್ದಾರೆ. ಅದನ್ನು ಒಪ್ಪಲಾರೆ. ತಾಮ್ರದ ಮೇಲೆ ಬೆಳ್ಳಿ ಹೊದಿಸಿದ ನಾಣ್ಯ ಆಗಲೂ ಇತ್ತು, ಹಾಗಾಗಿ ಒಳಗೂ ಬೆಳ್ಳಿಯೇ ಇದೆಯಾ ಅಂತ ಉಳಿಯಿಂದ ಕತ್ತರಿಸಿ ನೋಡುತ್ತಿದ್ದರು. ಅಂದರೆ ಏಟು ಇದ್ದ ಮಾತ್ರಕ್ಕೆ ನಕಲಿ ಅಲ್ಲ. ಕ್ರಿ.ಪೂ. 375ರ ಹೊತ್ತಿಗೆ ಅಥೆನ್ಸ್ ಸಂತೆಯಲ್ಲಿ ನಾಣ್ಯ ಪರೀಕ್ಷಿಸಲು ಸರ್ಕಾರದ ಆಳೇ ಕೂರಬೇಕು ಅಂತ ಕಾನೂನು ಬಂತು. ನೀವು ಮಾತ್ರ ಉಳಿ ಎತ್ತಬೇಡಿ, ಹುಣಸೆಹಣ್ಣು ಹಾಕಿ ಉಜ್ಜಲೂ ಬೇಡಿ. ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಅಂಚಿನ ಫೋಟೋ, ತೂಕದ ಫೋಟೋ ಎರಡನ್ನೂ ಮಾರಿದವರಿಗೆ ಕಳಿಸಿ ದುಡ್ಡು ಕೇಳಿ.