ಎಲ್ಲಿಗೆ ಅಂದ್ರೆ, ಸುಮ್ನೆ

ತೀರ್ಥಹಳ್ಳಿ ಕಡೆಯ ಅಕ್ಕನವರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಊರಿನ ಹೆಸರೂ ಬೇಡ ಅಂದಿರಿ, ಅದನ್ನೂ ಬಿಟ್ಟಿದ್ದೇನೆ. ಆದರೆ ಕಾಗದದಲ್ಲಿ ಏನಿತ್ತು ಅಂತ ಉಳಿದ ಓದುಗರಿಗೆ ಹೇಳದಿದ್ದರೆ ಈ ಉತ್ತರಕ್ಕೆ ತಲೆಬುಡ ಇರುವುದಿಲ್ಲ. ಹಾಗಾಗಿ ನಾಲ್ಕು ಮಾತಲ್ಲಿ ಹೇಳಿಬಿಡುತ್ತೇನೆ.

ಅಕ್ಕ ಗೆರೆ ಹಾಳೆಯಲ್ಲಿ ನಾಲ್ಕು ಪುಟ ಬರೆದಿದ್ದಾರೆ. ಮಗ ಅದರ ಫೋಟೋ ತೆಗೆದು, ನೆಟ್‌ವರ್ಕ್ ಸಿಗುವ ಗುಡ್ಡದ ಬಂಡೆ ಹತ್ತಿ ನನಗೆ ವಾಟ್ಸಾಪ್ ಮಾಡಿದ್ದಾನೆ. (ಮೂರನೇ ಪುಟ ಎರಡು ಸಲ ಬಂದಿದೆ, ಪರವಾಗಿಲ್ಲ, ಎರಡು ಸಲ ಓದಿದೆ.) ಈ ಕೊರೊನಾ ಲಾಕ್‌ಡೌನ್ ಮುಗಿದ ಮೇಲೆ ಏನೇನು ಮಾಡಬೇಕು ಅಂತ ಅಕ್ಕ ಹಳೆ ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆದಿಟ್ಟಿದ್ದಾರಂತೆ. ಬಸ್ಸಿನಲ್ಲಿ ಕಿಟಕಿ ಹತ್ತಿರ ಕೂತು ಶಿವಮೊಗ್ಗಕ್ಕೆ ಬರಬೇಕು. ಏನೂ ಕೊಳ್ಳದೆ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಬೇಕು. ನಿಂತುಕೊಂಡೇ ಮಸಾಲೆ ಮಂಡಕ್ಕಿ ತಿನ್ನಬೇಕು. ಆಮೇಲೆ ತಂಗಿ ಮನೆ ಜಗುಲಿಯಲ್ಲಿ ಕೂತು, ಒಳಗಿಂದ ಯಾರಾದರೂ ಊಟಕ್ಕೆ ಏಳಿ ಅಂತ ಮೂರು ಸಲ ಕೂಗುವವರೆಗೆ ಹರಟಬೇಕು. ಈ ಪಟ್ಟಿ ಅವರ ಭಾವನ ಕಣ್ಣಿಗೆ ಬಿದ್ದಿದೆ. "ಲೋಕಕ್ಕೆಲ್ಲ ಜೀವದ ಚಿಂತೆ, ನಿಂಗೆ ಮಂಡಕ್ಕಿ ಚಿಂತೆನಾ?" ಅಂದರಂತೆ. ಅದಕ್ಕೇ ಅಕ್ಕನ ಪ್ರಶ್ನೆ: ಜನ ಗಂಟುಮೂಟೆ ಹೊತ್ತು ನೂರಾರು ಮೈಲಿ ನಡೆದು ಊರು ಸೇರುತ್ತಿರುವಾಗ ಇಂಥ ಚಿಲ್ಲರೆ ಆಸೆ ಇಟ್ಟುಕೊಳ್ಳುವುದು ತಪ್ಪಾ?

ತಪ್ಪಲ್ಲ ಅಕ್ಕಾ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಪ್ರೆಸ್ ಬಾಗಿಲು ಹಾಕಿದೆ, ಈ ಸಂಚಿಕೆ ಅಚ್ಚಾಗುವುದಿಲ್ಲ, ಪಿಡಿಎಫ್ ಮಾಡಿ ಕಳಿಸುತ್ತಿದ್ದೇವೆ. ಪುಟ ಜಾಸ್ತಿಯಾಯಿತು, ಕಾಗದದ ರೇಟು ಗೊತ್ತಾ ಅಂತ ಬೈಯುವವರು ಈ ತಿಂಗಳು ಯಾರೂ ಇಲ್ಲ. ಇಂಥ ಅವಕಾಶ ಬಿಡೋಕಾಗುತ್ತಾ?

ಮೊದಲು ನನ್ನದೊಂದು ಕಥೆ. ಹೋದ ವಾರ ಬೆಳಿಗ್ಗೆ ಹಾಲು ತರಲು ಹೊರಟೆ. ಹಾಲು ತಗೊಂಡೆ. ಮನೆ ಕಡೆ ತಿರುಗಬೇಕಾದ ಕಾಲು ಯಾಕೋ ತುಂಗಾ ಸೇತುವೆ ಕಡೆ ತಿರುಗಿತು. ನೀರು ಎಷ್ಟಿದೆ ನೋಡೋಣ ಅಂತ, ಅಷ್ಟೇ. ಬ್ಯಾರಿಕೇಡ್ ಹತ್ತಿರ ನಿಂತಿದ್ದ ಪೊಲೀಸ್ ಹುಡುಗ, ನನ್ನ ಮಗನಿಗಿಂತ ಚಿಕ್ಕವನಿರಬೇಕು, "ಎಲ್ಲಿಗೆ ಸಾರ್?" ಅಂದ. "ಸುಮ್ನೆ" ಅಂದೆ. "ಸುಮ್ನೆ ಅಂದ್ರೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷದಿಂದ ಬರೆಯುವುದನ್ನೇ ಕಸುಬು ಮಾಡಿಕೊಂಡವನಿಗೆ ಒಂದು ಶಬ್ದದ ಅರ್ಥ ಹೇಳಲು ಆಗಲಿಲ್ಲ. ಹಾಲಿನ ಪ್ಯಾಕೆಟ್ ಎತ್ತಿ ತೋರಿಸಿ ವಾಪಸ್ ಬಂದೆ. ಅವನನ್ನು ದೂರುತ್ತಿಲ್ಲ, ಪಾಪ, ಬೆಳಗಿನ ಜಾವದಿಂದ ನಿಂತು ಅವನ ಕಾಲೂ ಸೋತಿತ್ತು.

ನಿಮ್ಮ ಪಟ್ಟಿ ಓದುವಾಗ ಆ ಹುಡುಗನೇ ಕಣ್ಣ ಮುಂದೆ ಬಂದ. ಔಷಧಿಗೆ ಹೊರಟವರಿಗೆ ಉತ್ತರ ಇದೆ, ರೇಷನ್ನಿಗೆ ಹೊರಟವರಿಗೆ ಇದೆ, ಬ್ಯಾಂಕಿಗೂ ಇದೆ. ನಿಮ್ಮ ಪಟ್ಟಿಯಲ್ಲಿರುವ ಒಂದಕ್ಕೂ ಇಲ್ಲ. ಪಾಸ್ ಕೇಳುವ ಅರ್ಜಿಯಲ್ಲಿ ಕಾರಣ ಅನ್ನುವ ಕಡೆ "ಮಂಡಕ್ಕಿ" ಅಂತ ಬರೆಯೋಕಾಗುತ್ತಾ? 2020ರ ಮಾರ್ಚ್ 25ರ ಯುಗಾದಿ ದಿನದಿಂದ ನಮಗೆಲ್ಲ ಉಳಿದಿರುವುದು ಕಾರಣ ಇರುವ ಕೆಲಸಗಳು ಮಾತ್ರ. ಕಾರಣ ಇಲ್ಲದ್ದೆಲ್ಲ ನಿಂತುಹೋಗಿದೆ. ಬದುಕಿಗೆ ರುಚಿ ಇದ್ದದ್ದು ಆ ನಿಂತುಹೋದ ಪಾಲಿನಲ್ಲೇ ಅಂತ ಈಗ ಗೊತ್ತಾಗಿ ನೀವು ಕ್ಯಾಲೆಂಡರ್ ತಿರುಗಿಸಿದಿರಿ. ನಾನೂ ಒಂದು ಪಟ್ಟಿ ಮಾಡಿದ್ದೇನೆ, ಹೇಳುತ್ತೇನೆ ತಡೆಯಿರಿ.

ಕಾಗದದ ಎರಡನೇ ಪುಟದಲ್ಲಿ ನೀವು ಬರೆದ ಒಂದು ಮಾತು ನನಗೆ ತುಂಬ ಹಿಡಿಸಿತು. "ಮನೆಯೊಳಗೆ ಕೂರುವುದು ನಮಗೇನು ಹೊಸದಾ?" ಅಂತ ಕೇಳಿದ್ದೀರಿ. ನಿಜ. ಮಂಗನ ಕಾಯಿಲೆ 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದಾಗಿನಿಂದ, ಮಂಗ ಸತ್ತಿದೆ ಅಂದರೆ ದರಗು (ಒಣಗಿ ಉದುರಿದ ಎಲೆ) ತರಲು ಕಾಡಿಗೆ ಹೋಗಬೇಡಿ ಅನ್ನುವ ಮಾತು ಕೇಳಿಕೊಂಡೇ ಬೆಳೆದವರು ನಾವು. ಅದಕ್ಕಿಂತ ದೊಡ್ಡದು ಮಳೆಗಾಲ. ನಿಮ್ಮ ತಾಲ್ಲೂಕಿನದೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನನ್ನ ಅಜ್ಜಿ ಮನೆಗೆ ದಾರಿ ಅಂತ ಇದ್ದದ್ದು ಹಳ್ಳದ ಮೇಲಿನ ಒಂದು ಸಂಕ. ಆರಿದ್ರಾ ಮಳೆ ಹಿಡಿದು ಸಂಕ ಮುಳುಗಿತು ಅಂದರೆ ನೆಂಟರಿಲ್ಲ, ಪೇಟೆಯಿಲ್ಲ, ಪೋಸ್ಟಿಲ್ಲ. ಬಚ್ಚಲ ಒಲೆ ಮುಂದೆ ಕೂತು ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ತಿನ್ನುವುದೇ ಕೆಲಸ. ಯಾವ ಸರ್ಕಾರವೂ ಹೇಳಿರಲಿಲ್ಲ, ಯಾರೂ ಆಚೆ ಹೋಗುತ್ತಿರಲಿಲ್ಲ.

ಆದರೂ ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಅಕ್ಕಾ. ಮಳೆಗಾಲಕ್ಕೆ ಅಜ್ಜಿ ತಯಾರಾಗುತ್ತಿದ್ದಳು. ಬೇಸಿಗೆಯಲ್ಲೇ ಕಟ್ಟಿಗೆ ಕೊಟ್ಟಿಗೆ ಸೇರಬೇಕು, ಮೆಣಸಿನಕಾಯಿ ಒಣಗಬೇಕು, ಹಲಸಿನಕಾಯಿ ಹಪ್ಪಳ ಅಂಗಳದ ಚಾಪೆಯ ಮೇಲೆ ಒಣಗಿ ಡಬ್ಬಿಗೆ ಹೋಗಬೇಕು. ಆ ಡಬ್ಬಿಯನ್ನು ಅಟ್ಟಕ್ಕೇರಿಸಿದರೆ ಮಳೆ ಹಿಡಿಯುವವರೆಗೆ ಇಳಿಸುತ್ತಿರಲಿಲ್ಲ. ನಾವು ಎಷ್ಟು ಕಾಡಿದರೂ ಇಲ್ಲ. ಹಪ್ಪಳದ ರುಚಿ ಅರ್ಧ ಇದ್ದದ್ದು ಆ ಕಾಯುವುದರಲ್ಲೇ ಅಂತ ನನಗೆ ಈಗ ಅನ್ನಿಸುತ್ತದೆ, ಆಗ ಮಾತ್ರ ಅಜ್ಜಿ ಮಹಾ ಜಿಪುಣಿ ಅನ್ನಿಸುತ್ತಿತ್ತು. ಇನ್ನೊಂದು, ಮಳೆ ಯಾವಾಗ ಬಿಡುತ್ತದೆ ಅಂತ ಅವಳಿಗೆ ಅಂದಾಜಿತ್ತು. ಗೌರಿ ಹಬ್ಬದ ಹೊತ್ತಿಗೆ ಸ್ವಲ್ಪ ಬಿಸಿಲು, ದೀಪಾವಳಿಗೆ ಅಂಗಳಕ್ಕೆ ಸಗಣಿ ಸಾರಿಸುವಷ್ಟು ಬಿಸಿಲು. ನಮಗೆ ಏಪ್ರಿಲ್ 14 ಅಂದರು, ಆಮೇಲೆ ಮೇ 3 ಅಂದರು. ಮೇ 3ಕ್ಕೆ ಏನು ಹೇಳುತ್ತಾರೋ. ನೆಂಟರು ಬರುವ ದಿನ ಮುಂದೆ ಮುಂದೆ ಹೋದರೆ ಮಾಡಿಟ್ಟ ಕಜ್ಜಾಯವೂ ಹಳಸುತ್ತದಲ್ವಾ, ಹಾಗಾಗಿದೆ ನಮ್ಮ ಕಾಯುವಿಕೆ.

ಇದಕ್ಕೂ ನಿಮ್ಮ ಹತ್ತಿರವೇ ಮದ್ದಿದೆ. ಈ ಸಲ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದೇನೆ, ಭರಣಿ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದೇನೆ ಅಂತ ಬರೆದಿದ್ದೀರಿ. ಮರದಿಂದ ಮಿಡಿ ಉದುರಿಸುವ ಹಾಗಿಲ್ಲ, ತೊಟ್ಟು ಸಮೇತ ಕೊಯ್ದು ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ಪೆಟ್ಟು ಬಿದ್ದರೆ ಕೊಳೆಯುತ್ತದೆ. ಹರಳುಪ್ಪಿನಲ್ಲಿ ಅದು ತನ್ನ ನೀರು ತಾನೇ ಬಿಟ್ಟುಕೊಂಡು, ಚಿರುಟಿ, ಆಮೇಲೆ ಸಾಸಿವೆ ಖಾರ ಕಂಡು, ಊಟಕ್ಕೆ ಬರಲು ತಿಂಗಳುಗಳೇ ಬೇಕು. ಅವಸರ ಮಾಡಿ ಕೈ ಹಾಕಿದರೆ ಇಡೀ ಭರಣಿ ಹಾಳು. ಲಾಕ್‌ಡೌನ್ ಯಾವಾಗ ಮುಗಿಯುತ್ತದೋ, ಮಿಡಿ ಮಾತ್ರ ತನ್ನ ಹೊತ್ತಿಗೆ ಸರಿಯಾಗಿ ತಯಾರಾಗಿರುತ್ತದೆ. ಮೇ 3ನ್ನು ಬಿಟ್ಟು ಅದನ್ನೇ ಕಾಯಿರಿ. ಇವತ್ತು ಏಪ್ರಿಲ್ 27, ಪಂಚಾಂಗದ ಪ್ರಕಾರ ಭರಣಿ ಮಳೆಯೂ ಇವತ್ತೇ ಹುಟ್ಟಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ. ಈ ಎರಡು ಭರಣಿಗಳ ಮಾತು ನಂಬಬಹುದು, ಟಿವಿಯಲ್ಲಿ ದಿನಾ ಕೂಗುವವರದ್ದಲ್ಲ.

ಇನ್ನು ಬಸ್ಸು. ನಿಮ್ಮ ಪಟ್ಟಿಯ ಮೊದಲ ಸಾಲು ಓದಿದಾಗ ನನ್ನ ಕಣ್ಣು ಒದ್ದೆಯಾಯಿತು ಅಂದರೆ ನಗಬೇಡಿ. ಪೇಟೆಯವರಿಗೆ ಬಸ್ಸು ಅಂದರೆ ಬಸ್ಸು. ನಮ್ಮ ಕಡೆ ಅದು ಪೋಸ್ಟ್ ಆಫೀಸು, ಔಷಧಿ ಅಂಗಡಿ, ಪೇಪರ್ ಏಜೆಂಟು ಎಲ್ಲಾ. ಕೈಮರದ ಹತ್ತಿರ ಒಬ್ಬ ಹುಡುಗ ಚೀಲ ಕೊಟ್ಟು "ಅಮ್ಮಂಗೆ ಕೊಡಿ" ಅಂದರೆ ಸಾಕು, ಯಾವ ಅಮ್ಮ ಅಂತ ಕಂಡಕ್ಟರಿಗೆ ಗೊತ್ತು. ಬಾನೆಟ್ ಪಕ್ಕ ಹಾಲಿನ ಕ್ಯಾನು, ಸೀಟಿನ ಕೆಳಗೆ ಹಲಸಿನ ಹಣ್ಣು, ಬಾಗಿಲಲ್ಲಿ ಕಾಲೇಜು ಹುಡುಗರು, ಹಿಂದಿನಿಂದ "ರೈ ರೈಟ್". ಆ ಬಸ್ಸು ನಿಂತು ತಿಂಗಳಾಯಿತು. ನಿಮ್ಮ ಮನೆಗೆ ಪೇಪರ್ ಬರುತ್ತಿಲ್ಲ ಅಂದಿದ್ದೀರಿ, ಕಾರಣ ಇದೇ.

ಮತ್ತೆ ಆ ರಸ್ತೆ! ತೀರ್ಥಹಳ್ಳಿ ಬಿಟ್ಟರೆ ತುಂಗೆ ಆಗಾಗ ಮರಗಳ ನಡುವೆ ಇಣುಕುತ್ತಾಳೆ. ಮಂಡಗದ್ದೆಯಲ್ಲಿ ನೀರಿನ ನಡುವಿನ ಮರಗಳು. ಮಳೆಗಾಲ ಹಿಡಿದ ಮೇಲೆ ಅಲ್ಲಿ ಹಕ್ಕಿಗಳು ಗೂಡು ಕಟ್ಟಿ, ಹೂ ಬಿಟ್ಟ ಹಾಗೆ ಮರ ಬೆಳ್ಳಗೆ ಕಾಣುತ್ತದೆ. ಸಕ್ರೆಬೈಲು ಬಂದರೆ ಬಸ್ಸಲ್ಲಿರುವ ಮಕ್ಕಳೆಲ್ಲ ಒಂದೇ ಕಡೆ ವಾಲುತ್ತಾರೆ, ಆನೆ ಸ್ನಾನಕ್ಕೆ ಇಳಿದಿದೆಯಾ ಅಂತ. ದೊಡ್ಡವರೂ ವಾಲುತ್ತಾರೆ, ಪೇಪರ್ ಓದುವ ನಾಟಕ ಮಾಡಿಕೊಂಡು. ಆಮೇಲೆ ಗಾಜನೂರು ಅಣೆಕಟ್ಟು, ಆಮೇಲೆ ಊರು. ಅರವತ್ತು ಕಿಲೋಮೀಟರ್ ಅಷ್ಟೇ. ಈ ದಾರಿಯಲ್ಲಿ ನಾನು ಎಷ್ಟು ಸಲ ನಿದ್ದೆ ಹೊಡೆದಿದ್ದೇನೋ ಲೆಕ್ಕವಿಲ್ಲ, ಈಗ ಹೊಟ್ಟೆ ಉರಿಯುತ್ತದೆ.

ಮಂಡಕ್ಕಿ ವಿಷಯಕ್ಕೆ ಬರೋಣ, ನಿಮ್ಮ ಭಾವ ಅಲ್ಲೇ ಕಾಯುತ್ತಿರಬಹುದು.

ಮನೆಯಲ್ಲೇ ಮಾಡಿ ನೋಡಿದೆ, ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕೊಬ್ಬರಿ ಎಣ್ಣೆ, ನಿಂಬೆಹುಳಿ ಎಲ್ಲಾ ಹಾಕಿದೆ, ಆದರೂ ಆ ರುಚಿ ಬರಲಿಲ್ಲ ಅಂದಿದ್ದೀರಿ. ಬರಲ್ಲ ಅಕ್ಕಾ. ಗಾಡಿಯವನು ಪಾತ್ರೆಗೆ ಸೌಟು ಬಡಿಯುವ ಸದ್ದು ನೀವು ಹಾಕಿಲ್ಲ. "ಖಾರ ಜಾಸ್ತಿ ಇರ್ಲಾ?" ಅಂತ ಕೇಳುವವರು ಮನೆಯಲ್ಲಿ ಯಾರಿದ್ದಾರೆ? ಮನೆಯಲ್ಲಿ ನೀವೇ ಎಲ್ಲರನ್ನೂ ಕೇಳಿ ಕೇಳಿ ಬಡಿಸುವವರು. ನಿಮ್ಮನ್ನು ಒಬ್ಬರು ಕೇಳಿ, ನಿಮಗೆ ಬೇಕಾದ ಹಾಗೆ ಕಲಸಿ, ಪೇಪರ್ ಪೊಟ್ಟಣದಲ್ಲಿ ಕೈಗೆ ಕೊಟ್ಟು, ಪಾತ್ರೆ ತೊಳೆಯುವ ಕೆಲಸವನ್ನೂ ಉಳಿಸುವ ಜಾಗ ಅದೊಂದೇ. ಇದನ್ನು ನಿಮ್ಮ ಭಾವನಿಗೆ ಓದಿ ಹೇಳಿ.

ಇನ್ನೊಂದನ್ನೂ ಹೇಳಿ. ನೀವು ಮಂಡಕ್ಕಿಗೆ ಕಾಯುತ್ತಿದ್ದೀರಿ, ಮಂಡಕ್ಕಿಯವನು ನಿಮಗೆ ಕಾಯುತ್ತಿದ್ದಾನೆ. ಅವನ ಗಾಡಿಯ ಮೇಲೆ ಟಾರ್ಪಾಲು ಬಿದ್ದು ತಿಂಗಳು ಕಳೆದಿದೆ. ಬಸ್ ಕಂಡಕ್ಟರಿಗೆ ಸಂಬಳ ಬಂತೋ ಇಲ್ಲವೋ. ಸೊರಬದ ಕಡೆ ಅನಾನಸ್ ಬೆಳೆದವರ ಹಣ್ಣು ಉತ್ತರದ ಮಾರುಕಟ್ಟೆಗೆ ಹೋಗಲಾರದೆ ಹೊಲದಲ್ಲೇ ಕೊಳೆಯುತ್ತಿದೆ. ಯಾರದೋ ಬಾಯಿಚಪಲದ ಮೇಲೆ ಇನ್ಯಾರದೋ ಒಲೆ ಉರಿಯುವುದು. ನಿಮ್ಮ ಚಿಲ್ಲರೆ ಆಸೆಯನ್ನು ನಾನು ಅವರ ಪರವಾಗಿಯೂ ಕಾಪಾಡಿಕೊಳ್ಳಿ ಅನ್ನುತ್ತೇನೆ. ನಡೆದು ಹೋಗುತ್ತಿರುವವರ ಸಂಕಟಕ್ಕೆ ನೀವು ಮಂಡಕ್ಕಿ ಮರೆತರೆ ಒಂದು ಗೇಣೂ ದಾರಿ ಕಡಿಮೆಯಾಗುವುದಿಲ್ಲ. ಅವರಿಗೆ ಅನ್ನ ನೀರು ಕೊಡುವವರಿಗೆ ಕೈಲಾದಷ್ಟು ಕೊಡಿ, ಆ ವಿಷಯ ಬೇರೆ, ಅದನ್ನು ನೀವು ಮಾಡಿಯೇ ಇದ್ದೀರಿ ಅಂತ ನಾಲ್ಕನೇ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದದ್ದು ನನಗೆ ಕಂಡಿದೆ.

"ಇದರಿಂದ ನಾವೆಲ್ಲ ಪಾಠ ಕಲಿಯಬೇಕು" ಅನ್ನುವುದೂ ಭಾವನದ್ದೇ ಮಾತಂತೆ. ನಮ್ಮ ಜಿಲ್ಲೆಯಲ್ಲಿ ಇವತ್ತಿನವರೆಗೆ ಒಂದೂ ಕೊರೊನಾ ಪ್ರಕರಣ ಇಲ್ಲ, ಹಾಗೇ ಇರಲಿ. ಪಾಠ ಮಾತ್ರ ನನಗೆ ಬೇಡ. ಪಾಠ ಬೇಕಾಗಿರುವುದು ನಿಮ್ಮ ಮಗನಿಗೆ. ಎಲ್ಲ ಪೇಪರ್ ಮುಗಿಸಿ ಇಂಗ್ಲಿಷ್ ಒಂದೇ ಉಳಿದು, ಮಾರ್ಚ್ 23ರ ಆ ಪಿಯುಸಿ ಪರೀಕ್ಷೆ ಮುಂದೆ ಹೋಗಿ, ಅದೊಂದೇ ಪುಸ್ತಕವನ್ನು ತಿಂಗಳಿಂದ ತಿರುವಿ ಹಾಕುತ್ತಿದ್ದಾನಂತಲ್ಲ, ಅವನ ಪಾಡು ನೆನೆದರೆ ನಗುವೂ ಬರುತ್ತದೆ, ಅಯ್ಯೋ ಅನ್ನಿಸುತ್ತದೆ. ಬಂಡೆ ಹತ್ತಿದಾಗ ಸ್ವಲ್ಪ ಹೊತ್ತು ಅಲ್ಲೇ ಕೂರಲು ಬಿಡಿ. ಯಾಕೆ ತಡ ಅಂತ ಕೇಳಬೇಡಿ.

ನನ್ನ ಪಟ್ಟಿ ಹೇಳುತ್ತೇನೆ ಅಂದಿದ್ದೆ. ಕ್ಷೌರ ಮೊದಲನೆಯದು, ಮನೆಯಾಕೆ ಕತ್ತರಿ ಹಿಡಿದು ಮಾಡಿದ ಕೆಲಸ ನೋಡಿದರೆ ನೀವೂ ಒಪ್ಪುತ್ತೀರಿ. ಆಮೇಲೆ ಪ್ರೆಸ್ಸಿನಲ್ಲಿ ಮಸಿ ಆರದ ಹಾಳೆಯ ವಾಸನೆ. ದುರ್ಗಿಗುಡಿಯಲ್ಲಿ ಸ್ನೇಹಿತನ ಜೊತೆ ಬೈಟು ಕಾಫಿ, ಬಿಲ್ಲು ಯಾರು ಕೊಡಬೇಕು ಅಂತ ಎಂದಿನ ಹಾಗೆ ಜಗಳ. ಮತ್ತೆ ಆ ಸೇತುವೆ. ಕೈ ಕಟ್ಟಿಕೊಂಡು ಹತ್ತು ನಿಮಿಷ ನೀರು ನೋಡುವುದು.

ಬಸ್ಸು ಶುರುವಾದ ಮೇಲೆ, ಮೊದಲ ವಾರ ಬೇಡ, ನೂಕುನುಗ್ಗಲು ಇರುತ್ತದೆ, ಎರಡನೇ ವಾರ ಹೊರಡಿ. ನದಿ ಕಡೆಯ ಕಿಟಕಿ ಹಿಡಿಯಿರಿ. ಬಜಾರು ಸುತ್ತಿ, ಮಂಡಕ್ಕಿ ತಿಂದು, ತಂಗಿ ಮನೆಗೆ ಹೋಗುವ ಮೊದಲು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ. ಏನು ಬಂದಿರಿ ಅಂತ ನಾನು ಕೇಳುವುದಿಲ್ಲ. ಭರಣಿಗೆ ಅಷ್ಟರಲ್ಲಿ ಕೈ ಹಾಕುವ ಹೊತ್ತಾಗಿದ್ದರೆ ಒಂದು ಸಣ್ಣ ಬಾಟಲಿ ಚೀಲದಲ್ಲಿರಲಿ, ಮುಚ್ಚಳ ಬಿಗಿಯಾಗಿ ಹಾಕಿ, ಮಂಡಗದ್ದೆ ತಿರುವುಗಳಲ್ಲಿ ಚೆಲ್ಲಿಬಿಡುತ್ತದೆ.

ಇಂತಿ,
ಸಂಪಾದಕ